ಊರಿನ ಜೀವಸಂಪತ್ತೂ ಊರಿನವರ ಮೇಲ್ವಿಚಾರಣೆಯೂ

ಪ್ರತಿಯೊಂದು ಗ್ರಾಮದ ಎಲ್ಲೆಯೊಳಗೂ ಪಹಣಿಯಲ್ಲಿ ಕಾಣಿಸದ ಒಂದು ಆಸ್ತಿಯುಂಟು. ಕಾಡು, ಬೆಟ್ಟ, ಹಳ್ಳಕೊಳ್ಳಗಳಲ್ಲಿ ಬೆಳೆಯತಕ್ಕ ಮರಗಿಡಗಳೂ, ಅವುಗಳನ್ನು ಆಶ್ರಯಿಸಿರುವ ಪಶುಪಕ್ಷಿಗಳೂ, ಹೊಳೆಯ ಮೀನುಗಳೂ, ರೈತರು ತಲೆತಲಾಂತರದಿಂದ ಆರಿಸಿ ಉಳಿಸಿಕೊಂಡು ಬಂದಿರುವ ಬೀಜಗಳೂ ಇದರಲ್ಲಿ ಸೇರಿವೆ. ಇವೆಲ್ಲವನ್ನೂ ಒಟ್ಟಾಗಿ ಜೀವವೈವಿಧ್ಯವೆಂದು ಕರೆಯುವುದು ಈಚಿನ ರೂಢಿ. ಹೆಸರು ಹೊಸದಾದರೂ ಕೆಲಸವು ಹೊಸದಲ್ಲ. ಯಾವ ಮರವನ್ನು ಯಾವ ಕಾಲದಲ್ಲಿ ಸವರಬೇಕು, ಯಾವ ಮಡುವಿನಲ್ಲಿ ಮೀನು ಹಿಡಿಯಬಾರದು, ಯಾವ ಕಾನಿಗೆ ಕೊಡಲಿ ಒಯ್ಯಬಾರದು ಎಂಬ ಕಟ್ಟುಕಟ್ಟಳೆಗಳನ್ನು ಗ್ರಾಮಸ್ಥರೇ ಮಾಡಿಕೊಂಡು ನಡೆಸಿಕೊಂಡು ಬಂದ ನಿದರ್ಶನಗಳು ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅನೇಕವಾಗಿವೆ.

2002ನೆಯ ಇಸವಿಯ ಜೀವವೈವಿಧ್ಯ ಕಾಯಿದೆಯು ಈ ಹಳೆಯ ಪದ್ಧತಿಗೆ ಒಂದು ಹೊಸ ಆಧಾರವನ್ನು ಕೊಟ್ಟಿದೆ. ಅದರ 41ನೆಯ ಪ್ರಕರಣದಂತೆ ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ, ಎಂದರೆ ಗ್ರಾಮಾಂತರದಲ್ಲಿ ಗ್ರಾಮ ಪಂಚಾಯಿತಿಯು, ತನ್ನ ಎಲ್ಲೆಯೊಳಗಿನ ಜೀವಸಂಪತ್ತಿನ ರಕ್ಷಣೆಗಾಗಿಯೂ ಮಿತವಾದ ಬಳಕೆಗಾಗಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯೊಂದನ್ನು ರಚಿಸತಕ್ಕದ್ದು. ಕಾಯಿದೆಗೆ 2023ರಲ್ಲಿ ಆದ ತಿದ್ದುಪಡಿಯು 2024ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದರೂ ಗ್ರಾಮದ ಈ ಹೊಣೆಯು ಹಾಗೆಯೇ ಉಳಿದಿದೆ. ಸಮಿತಿಯ ಮುಖ್ಯ ಕೆಲಸವು ಊರಿನವರನ್ನು ವಿಚಾರಿಸಿ ಜನತಾ ಜೀವವೈವಿಧ್ಯ ದಾಖಲಾತಿಯೆಂಬ ಪುಸ್ತಕವನ್ನು ಸಿದ್ಧಪಡಿಸುವುದು. ಊರಿನ ಎಲ್ಲೆಯಲ್ಲಿ ದೊರೆಯುವ ಗಿಡಮೂಲಿಕೆ ಮೊದಲಾದ ವಸ್ತುಗಳ ಬಳಕೆಯ ವಿಷಯದಲ್ಲಿ ರಾಷ್ಟ್ರೀಯ ಪ್ರಾಧಿಕಾರವಾಗಲಿ ರಾಜ್ಯದ ಮಂಡಳಿಯಾಗಲಿ ತೀರ್ಮಾನ ಕೈಕೊಳ್ಳುವಾಗ ಆ ಸಮಿತಿಯನ್ನು ಕೇಳಬೇಕೆಂದೂ, ವ್ಯಾಪಾರಕ್ಕಾಗಿ ಅಂಥ ವಸ್ತುಗಳನ್ನು ಸಂಗ್ರಹಿಸುವವರಿಂದ ಸಮಿತಿಯು ಶುಲ್ಕವನ್ನು ಎತ್ತಬಹುದೆಂದೂ ಕಾಯಿದೆಯಲ್ಲಿ ಹೇಳಿದೆ.

ಇಷ್ಟು ಅಧಿಕಾರವಿದ್ದರೂ ಬಹುಕಾಲ ಇದು ಕಾಗದದ ಮೇಲೆಯೇ ಇದ್ದಿತು. 2016ರಲ್ಲಿ ದೇಶದಲ್ಲೆಲ್ಲ ರಚಿತವಾಗಿದ್ದ ಸಮಿತಿಗಳು ಹತ್ತು ಸಾವಿರಕ್ಕಿಂತ ಕಡಿಮೆ. ಆ ವರ್ಷ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮುಂದೆ ದೂರು ಹೋಗಿ, ಮುಂದೆ 2020ರ ಜನವರಿ 31ರೊಳಗೆ ಎಲ್ಲ ಕಡೆಯೂ ಸಮಿತಿಯೂ ದಾಖಲಾತಿಯೂ ಆಗಬೇಕೆಂದೂ, ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದೂ ಗೊತ್ತಾಯಿತು. ಕೆಲವೇ ವರ್ಷಗಳಲ್ಲಿ ಸಮಿತಿಗಳ ಸಂಖ್ಯೆಯು ಎರಡೂವರೆ ಲಕ್ಷವನ್ನು ಮೀರಿತು. ಅವಸರದ ಫಲವು ಹೇಗಿರುವುದೆಂದು ಹೇಳಬೇಕಾಗಿಲ್ಲ. ಕೂಲಿಗೆ ಬಂದವರು ಕಚೇರಿಯಲ್ಲಿ ಕುಳಿತು ನೆರೆಯ ಊರಿನ ಪಟ್ಟಿಯನ್ನೇ ನಕಲು ಮಾಡಿ, ಬೇವು, ಹೊಂಗೆ, ತುಳಸಿ, ಕಾಗೆ, ಗುಬ್ಬಿ ಎಂದು ಬರೆದಿಟ್ಟ ಪುಸ್ತಕಗಳು ಎಷ್ಟೋ ಇವೆ. ಅವುಗಳಿಗೆ ಸಹಿ ಮಾಡಿದ ಸದಸ್ಯರಲ್ಲಿ ಕೆಲವರು ತಾವು ಸದಸ್ಯರೆಂಬುದನ್ನೇ ಅರಿಯರು. ಅಂಥ ಪುಸ್ತಕದಿಂದ ಊರಿಗೆ ಲಾಭವಿಲ್ಲವೆಂಬುದು ಸಣ್ಣ ಮಾತು, ಹಾನಿಯೇ ಉಂಟು. ಹೇಗೆಂದರೆ, ಊರಿನಲ್ಲಿ ನಿಜವಾಗಿ ಇರತಕ್ಕ ಬೆಲೆಬಾಳುವ ಜಾತಿಯು ದಾಖಲೆಯಲ್ಲಿ ಇಲ್ಲದಿದ್ದರೆ, ನಾಳೆ ಯಾರಾದರೂ ಅದನ್ನು ಕಡಿದು ಸಾಗಿಸುವಾಗ ಅಥವಾ ಅದಿರುವ ಸ್ಥಳವನ್ನು ಬೇರೆ ಕೆಲಸಕ್ಕೆ ಕೇಳುವಾಗ, ಇಲ್ಲಿ ಅಂಥದೇನೂ ಇರಲಿಲ್ಲವೆಂಬುದಕ್ಕೆ ಊರಿನವರ ಸಹಿಯೇ ಸಾಕ್ಷಿಯಾಗುವುದು.

ಆದುದರಿಂದ ಗ್ರಾಮದ ಮೇಲ್ವಿಚಾರಣೆಯು ಯಾವ ಕಡೆ ನಿಂತಿತು, ಯಾವ ಕಡೆ ಕುಸಿಯಿತು, ಅದಕ್ಕೆ ಕಾರಣವೇನು ಎಂಬುದನ್ನು ಒಂದು ಸೀಮೆಯ ಅನುಭವದಿಂದ ತಿಳಿದುಕೊಳ್ಳುವುದು ಗ್ರಾಮದ ಮುಖ್ಯಸ್ಥರಿಗೂ ಭೂಮಾಲೀಕರಿಗೂ ಪ್ರಯೋಜನಕರವಾಗಿರುವುದು. ಇದಕ್ಕೆ ಉತ್ತರ ಕನ್ನಡ ಜಿಲ್ಲೆಯ ಅಘನಾಶಿನಿಯ ಕೊಳ್ಳಕ್ಕಿಂತ ಉತ್ತಮವಾದ ಸ್ಥಳವು ಸಿಕ್ಕುವುದು ಕಷ್ಟ. ಈ ಹೊಳೆಯು ಶಿರಸಿಯ ಕಡೆಯಲ್ಲಿ ಹುಟ್ಟಿ, ಸಿದ್ದಾಪುರ ಸೀಮೆಯ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಘಟ್ಟವನ್ನಿಳಿದು, ಸುಮಾರು 120 ಕಿಲೋಮೀಟರ್ ಹರಿದು ಕುಮಟಾ ತಾಲ್ಲೂಕಿನ ತದಡಿಯ ಬಳಿ ಸಮುದ್ರವನ್ನು ಸೇರುತ್ತದೆ. ಇದಕ್ಕೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಯಾವುದೂ ಇಲ್ಲ. ಮೇಲೆ ಅಡಿಕೆಯ ತೋಟ, ಸೊಪ್ಪಿನ ಬೆಟ್ಟ, ದಟ್ಟವಾದ ಕಾನು; ಕೆಳಗೆ ಉಪ್ಪುನೀರಿನ ಗಜನಿ. ಒಂದೊಂದಕ್ಕೂ ಒಂದೊಂದು ಬಗೆಯ ಊರಕಟ್ಟಳೆಯು ಇದ್ದಿತು.

ಮೊದಲು ಸೊಪ್ಪಿನ ಬೆಟ್ಟದ ವಿಷಯ. ಈ ಸೀಮೆಯ ತೋಟಗಾರರಿಗೆ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಸವಲತ್ತು ಆಂಗ್ಲರ ಕಾಲದಿಂದ ದೊರೆತಿದೆ. ನೆಲವು ಸರ್ಕಾರದ್ದು, ಸೊಪ್ಪು, ದರಗು, ಹುಲ್ಲು, ಮನೆಬಳಕೆಯ ಸೌದೆ ತೋಟಗಾರನವು. ಬೆಟ್ಟದಿಂದ ಬಂದ ಹಸಿಸೊಪ್ಪು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ ಅಡಿಕೆಯ ಬುಡಕ್ಕೆ ಬೀಳುತ್ತದೆ. ಹೀಗೆ ತೋಟದ ಫಸಲು ಬೆಟ್ಟದ ಮರಗಳ ಮೇಲೆ ನಿಂತಿರುವುದರಿಂದ, ಬುದ್ಧಿವಂತನಾದ ತೋಟಗಾರನು ಮರದ ತುದಿಯನ್ನು ಮುಟ್ಟದೆ, ಪ್ರತಿ ಮರದಲ್ಲಿಯೂ ಕೆಲವು ಕೊಂಬೆಗಳನ್ನು ಬಿಟ್ಟು, ಬೀಜಕ್ಕಾಗಿ ಅಲ್ಲಲ್ಲಿ ಹಳೆಯ ಮತ್ತಿ, ಹೊನ್ನೆ, ನಂದಿಯ ಮರಗಳನ್ನು ಸವರದೆಯೇ ಉಳಿಸುತ್ತಾನೆ. ಅಂಥ ಬೆಟ್ಟಗಳಲ್ಲಿ ಇಂದಿಗೂ ಮುರುಗಲು, ನೇರಳೆ, ಕಾಡುಮಾವು ಮೊದಲಾದವು ಬೆರೆತು ನಿಂತಿವೆ.

ಎಲ್ಲ ಬೆಟ್ಟಗಳೂ ಹಾಗಿವೆಯೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ವರ್ಷವರ್ಷವೂ ಒಂದೇ ಮರವನ್ನು ಬೋಳಿಸಿ, ಬೇಸಿಗೆಯಲ್ಲಿ ದರಗನ್ನೆಲ್ಲ ಗುಡಿಸಿ ತೆಗೆದು, ದನಗಳನ್ನೂ ಬಿಟ್ಟು, ಕಡೆಗೆ ಕಂಬಗಳಂತೆ ನಿಂತ ನಾಲ್ಕು ಮರಗಳಿರುವ ಬೆಟ್ಟಗಳೂ ಧಾರಾಳವಾಗಿವೆ. ಎಳೆಯ ಸಸಿಯು ಏಳುವುದಕ್ಕೆ ಅಲ್ಲಿ ಅವಕಾಶವೇ ಇಲ್ಲ. ಸವಲತ್ತು ಕೈಯಲ್ಲಿದ್ದ ಮಾತ್ರಕ್ಕೆ ರಕ್ಷಣೆಯಾಗುವುದಿಲ್ಲವೆಂಬುದಕ್ಕೆ ಇದೇ ದೃಷ್ಟಾಂತ. ಬೆಟ್ಟವನ್ನು ಮೂರು ಪಾಲು ಮಾಡಿ, ವರ್ಷಕ್ಕೆ ಒಂದು ಪಾಲಿನಲ್ಲಿ ಮಾತ್ರ ಸೊಪ್ಪು ಸವರಿ, ಆ ಪಾಲಿಗೆ ಮುಂದಿನ ಎರಡು ವರ್ಷ ಕತ್ತಿಯನ್ನೂ ದನವನ್ನೂ ಬಿಡದಿರುವ ಕ್ರಮವನ್ನು ಅನುಸರಿಸಿದರೆ ಮರಗಳು ಚೇತರಿಸಿಕೊಳ್ಳುವುವು. ಒಬ್ಬನ ಬೆಟ್ಟಕ್ಕೂ ಮತ್ತೊಬ್ಬನ ಬೆಟ್ಟಕ್ಕೂ ಬೇಲಿ ಇಲ್ಲದ ಕಡೆ ಇದನ್ನು ಒಬ್ಬೊಬ್ಬರಾಗಿ ಮಾಡುವುದು ಅಸಾಧ್ಯ. ಕೇರಿಯವರೆಲ್ಲ ಒಂದು ಕಟ್ಟಳೆಗೆ ಬರಬೇಕು.

ಉಪ್ಪಾಗೆಯ ಕಥೆಯು ಇದಕ್ಕಿಂತಲೂ ಬೋಧಪ್ರದವಾಗಿದೆ. ಉಪ್ಪಾಗೆಯು ಕಾನುಗಳಲ್ಲಿಯೂ ಬೆಟ್ಟಗಳಲ್ಲಿಯೂ ತಾನಾಗಿ ಬೆಳೆಯುವ ಮರ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹಣ್ಣು ಮಳೆಗಾಲದಲ್ಲಿ ಮಾಗುವುದರಿಂದ ಸಿಪ್ಪೆಯನ್ನು ಬೆಂಕಿಯ ಕಾವಿನಲ್ಲಿ ಒಣಗಿಸಬೇಕು. ಬೀಜದಿಂದ ತುಪ್ಪ ತೆಗೆಯುವುದೂ ಮನೆಮನೆಯ ವಾಡಿಕೆಯಾಗಿತ್ತು. 1990ರ ದಶಕದಲ್ಲಿ ಈ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲವು ಬೊಜ್ಜನ್ನು ಕರಗಿಸುವುದೆಂಬ ಪ್ರಚಾರವು ಹೊರದೇಶಗಳಲ್ಲಿ ಹಬ್ಬಿ, ಬೆಲೆಯು ಒಮ್ಮೆಲೇ ಏರಿತು. (1998ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಪರೀಕ್ಷೆಯಲ್ಲಿ ಅಂಥ ಗುಣವೇನೂ ಕಂಡುಬರಲಿಲ್ಲವೆಂಬುದು ಬೇರೆ ಮಾತು, ಅಷ್ಟರಲ್ಲಿ ಕಾಡಿನಲ್ಲಿ ಆಗಬೇಕಾದುದು ಆಗಿತ್ತು.) ಸರ್ಕಾರಿ ಕಾಡಿನ ಮರವು ಯಾರೊಬ್ಬರದೂ ಅಲ್ಲವಾದುದರಿಂದ, ಹಣ್ಣಾಗುವವರೆಗೆ ಕಾದವನಿಗೆ ಬರಿಯ ಕೊಂಬೆ, ಕಾಯಿಯಲ್ಲಿಯೇ ಬಡಿದವನಿಗೆ ಹಣ. ಹೀಗಾಗಿ ಬಲಿಯದ ಕಾಯಿಗಳನ್ನು ಕೊಂಬೆ ಸಹಿತ ಕಡಿದು ಉರುಳಿಸುವ ಪೈಪೋಟಿಯು ನಡೆಯಿತು. ಎಳೆಗಾಯಿಯ ಸಿಪ್ಪೆಯು ತೂಕದಲ್ಲಿಯೂ ಕಡಿಮೆ, ಗುಣದಲ್ಲಿಯೂ ಕಡಿಮೆ. ಬೀಜವಂತೂ ಮೊಳೆಯುವುದೇ ಇಲ್ಲ. ಅದನ್ನು ಒಣಗಿಸುವುದಕ್ಕೆ ಗಾಡಿಗಟ್ಟಲೆ ಸೌದೆ ಬೇರೆ.

ಅದೇ ಕಾಲದಲ್ಲಿ, ಅದೇ ಊರುಗಳಲ್ಲಿ, ಸೊಪ್ಪಿನ ಬೆಟ್ಟದೊಳಗೆ ನಿಂತಿದ್ದ ಉಪ್ಪಾಗೆಯ ಮರಗಳನ್ನು ಜನರು ಬೇರೆ ರೀತಿಯಲ್ಲಿ ನೋಡಿಕೊಂಡರು. ಅಲ್ಲಿ ಮರವು ಇಂಥವನ ಪಾಲಿನದೆಂದು ಎಲ್ಲರಿಗೂ ಗೊತ್ತಿದ್ದುದರಿಂದ ಹಣ್ಣು ಬಲಿಯುವವರೆಗೆ ಕಾಯುವುದಕ್ಕೆ ಧೈರ್ಯವಿದ್ದಿತು. ಮನುಷ್ಯರು ಬೇರೆಯಲ್ಲ, ಮರದ ಜಾತಿಯೂ ಬೇರೆಯಲ್ಲ. ಹಕ್ಕಿನ ನಿಶ್ಚಯವೊಂದೇ ವ್ಯತ್ಯಾಸ. ಹಕ್ಕಿನ ನಿಶ್ಚಯವೆಂದರೆ ಒಡೆತನವೇ ಆಗಬೇಕೆಂದಿಲ್ಲ. ಇಂಥ ಕಾನಿನ ಇಂಥ ಮರಗಳನ್ನು ಇಂಥ ಕೇರಿಯ ಇಷ್ಟು ಮನೆಯವರು, ಇಂಥ ದಿನಕ್ಕೆ ಮುಂಚೆ ಕೊಯ್ಯದೆ, ಹಣ್ಣಿನಲ್ಲಿ ಒಂದಂಶವನ್ನು ಮಂಗ, ಬೆಕ್ಕು, ಹಕ್ಕಿಗಳಿಗೂ ಬೀಜಕ್ಕೂ ಬಿಟ್ಟು ಕೊಯ್ಯತಕ್ಕದ್ದೆಂದು ಊರಿನವರು ಒಪ್ಪಿ ಬರೆದರೆ ಅದೂ ನಿಶ್ಚಯವೇ.

ಅಪ್ಪೆಮಿಡಿಯ ವಿಷಯದಲ್ಲಿ ನಷ್ಟವು ಬೇರೊಂದು ಬಗೆಯದು. ಅಘನಾಶಿನಿ, ಬೇಡ್ತಿ, ಶರಾವತಿ ಮುಂತಾದ ಹೊಳೆಗಳ ದಡದಲ್ಲಿ ಬೆಳೆದ ಈ ಕಾಡುಮಾವುಗಳಲ್ಲಿ ಒಂದೊಂದು ಮರದ ಮಿಡಿಗೂ ಒಂದೊಂದು ಪರಿಮಳ. ಜೀರಿಗೆಯ ವಾಸನೆಯದು ಬೇರೆ, ಕರ್ಪೂರದ ವಾಸನೆಯದು ಬೇರೆ. ಅನಂತಭಟ್ಟನ ಅಪ್ಪೆ, ಮಾಳಂಜಿ ಮೊದಲಾದ ಹೆಸರುಗಳು ಮರದಿಂದ ಮರಕ್ಕೆ ಹುಟ್ಟಿದುವು. ಉಪ್ಪಿನಲ್ಲಿ ಹಾಕಿದ ಮಿಡಿಯು ತನ್ನ ಸೊನೆಯ ಬಲದಿಂದಲೇ ವರ್ಷಗಟ್ಟಲೆ ಕೆಡದೆ ನಿಲ್ಲುತ್ತದೆ. ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಮಾನ್ಯತೆಯ ಪತ್ರವು ಕೊಡಲಿಯನ್ನು ತಡೆಯದು. ಹೊಳೆಯ ಬದಿಯ ಎತ್ತರವಾದ ಮರವನ್ನು ಹತ್ತುವವರು ಸಿಕ್ಕದೆ, ಮಿಡಿಗಾಗಿ ಕೊಂಬೆಗಳನ್ನೇ ಕಡಿದು ಕೆಡಹುವುದೂ, ಒಮ್ಮೊಮ್ಮೆ ಬುಡಕ್ಕೇ ಕೊಡಲಿ ಹಾಕುವುದೂ ನಡೆದಿದೆ. ಒಂದು ಮರವು ಹೋದರೆ ಒಂದು ತಳಿಯೇ ಹೋದಂತೆ. ಏಕೆಂದರೆ ಓಟೆಯಿಂದ ಎದ್ದ ಸಸಿಯು ತಾಯಿಯ ಗುಣವನ್ನು ಹಾಗೆಯೇ ತರುವುದಿಲ್ಲ. ಆದುದರಿಂದ ದಾಖಲಾತಿಯಲ್ಲಿ 'ಮಾವು' ಎಂದು ಒಂದು ಪದವನ್ನು ಬರೆಯುವುದು ನಿರರ್ಥಕ. ಮರ ನಿಂತ ಸ್ಥಳ, ಊರಿನವರು ಕರೆಯುವ ಹೆಸರು, ಮಿಡಿ ಬರುವ ತಿಂಗಳು, ವರ್ಷ ಬಿಟ್ಟು ವರ್ಷ ಫಸಲೋ ಪ್ರತಿವರ್ಷವೋ, ಕೆಡದೆ ಎಷ್ಟು ವರ್ಷ ನಿಲ್ಲುವುದು ಎಂಬಿಷ್ಟನ್ನು ಮರಕ್ಕೊಂದು ಸಾಲಿನಂತೆ ಬರೆದು, ಅದೇ ವರ್ಷ ಅದರ ಕುಡಿಯಿಂದ ನಾಲ್ಕಾರು ಕಸಿ ಗಿಡಗಳನ್ನು ಮಾಡಿ ಬೇರೆ ಬೇರೆ ಮನೆಯವರ ಹಿತ್ತಲಿನಲ್ಲಿ ನೆಡಿಸತಕ್ಕದ್ದು. ಈ ಭಾಗದಲ್ಲಿ ಕಸಿ ಮಾಡಬಲ್ಲ ರೈತರು ಅನೇಕರಿದ್ದಾರೆ. ಅವರಲ್ಲಿ ಒಬ್ಬರಾದರೂ ಸಮಿತಿಯಲ್ಲಿರುವುದು ಉಚಿತ.

ಕೊಳ್ಳದ ಮೇಲ್ಭಾಗದ ಹಳ್ಳಗಳ ನೆತ್ತಿಯಲ್ಲಿ ರಾಮಪತ್ರೆಯ ಜಾತಿಯ ಮರಗಳು ಬೇರುಗಳನ್ನು ಮೊಣಕಾಲಿನಂತೆ ನೀರಿನ ಮೇಲಕ್ಕೆತ್ತಿ ನಿಂತಿರುವ ಜೌಗುಗಳುಂಟು. ಇವನ್ನು ಜಡ್ಡಿಯೆನ್ನುತ್ತಾರೆ. ಬೇಸಿಗೆಯಲ್ಲಿಯೂ ನೀರು ಬತ್ತದ ಸ್ಥಳವಾದುದರಿಂದ ಅಡಿಕೆಯ ತೋಟವನ್ನು ಬೆಳೆಸುವವರ ಕಣ್ಣು ಮೊದಲು ಬೀಳುವುದು ಇಲ್ಲಿಯೇ. ಹೀಗೆ ತೋಟವಾಗಿ ಹೋದ ಜಡ್ಡಿಗಳು ಅದೆಷ್ಟೋ. ಆದರೆ ಜಡ್ಡಿಯು ನೀರನ್ನು ಹಿಡಿದಿಟ್ಟು ಮೆಲ್ಲಗೆ ಬಿಡತಕ್ಕ ಸ್ಥಳ. ಅದನ್ನು ಕಡಿದು ಕಾಲುವೆ ತೆಗೆದವನ ತೋಟಕ್ಕೆ ಕೆಲವು ಕಾಲ ನೀರು ಸಾಕಾಗಬಹುದು, ಕೆಳಗಿನ ತೋಟಗಳಿಗೆ ಫಾಲ್ಗುಣದಲ್ಲಿಯೇ ಕೊರತೆ ಬೀಳುವುದು. ಮೇಲಿನವನ ಲಾಭವೂ ಕೆಳಗಿನವರ ನಷ್ಟವೂ ಒಂದೇ ಸಭೆಯಲ್ಲಿ ಮಾತಿಗೆ ಬರುವ ಸ್ಥಳವು ಗ್ರಾಮವೊಂದೇ.

ಈ ಕಾನುಗಳು ಸಿಂಗಳೀಕದ ಮುಖ್ಯ ನೆಲೆಗಳಲ್ಲಿಯೂ ಸೇರಿವೆ. 2011ರಲ್ಲಿ ಇಲ್ಲಿಯ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲೆಂದು ಸರ್ಕಾರವು ಸಾರಿತು. ಈ ಬಗೆಯ ಮೀಸಲಿನ ಸಲಹಾ ಸಮಿತಿಯಲ್ಲಿ ಪ್ರತಿಯೊಂದು ಗ್ರಾಮ ಪಂಚಾಯಿತಿಗೂ ಒಬ್ಬ ಪ್ರತಿನಿಧಿಯಿರಬೇಕೆಂದು ವನ್ಯಜೀವಿ ಕಾಯಿದೆಯಲ್ಲಿದೆ. 2019ರಲ್ಲಿ ಈ ಪ್ರದೇಶವು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ ಸೇರಿಸಲ್ಪಟ್ಟಿತು. ಅಭಯಾರಣ್ಯದ ನಿಯಮಗಳು ಹೆಚ್ಚು ಬಿಗಿಯಾದುವು. ಕಾಡಿನ ಅಂಚಿನ ಊರುಗಳವರು ತಾವು ಪೂರ್ವಾರಭ್ಯ ಅನುಭವಿಸಿಕೊಂಡು ಬಂದ ಬಳಕೆಗಳನ್ನು 2006ರ ಅರಣ್ಯ ಹಕ್ಕುಗಳ ಕಾಯಿದೆಯಂತೆ ಗ್ರಾಮಸಭೆಯ ಮೂಲಕ ರುಜುವಾತುಪಡಿಸಿಕೊಳ್ಳಬೇಕಾದ ಅಗತ್ಯವು ಇದರಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ದೇವರ ಹೆಸರಿನಲ್ಲಿ ಬಿಟ್ಟ ಕಾಡುಗಳ ಮಾತನ್ನೂ ಇಲ್ಲಿ ಹೇಳಬಹುದು. ಇದರಲ್ಲಿ ಕೊಡಗಿನ ಅನುಭವವು ಎಲ್ಲಕ್ಕಿಂತ ವಿಸ್ತಾರವಾದುದು. ಅಲ್ಲಿ ಲೆಕ್ಕಕ್ಕೆ ಬಂದಿರುವ ದೇವರಕಾಡುಗಳು 1,214. ಅವುಗಳ ವಿಸ್ತೀರ್ಣವೆಲ್ಲ ಸೇರಿ ಸುಮಾರು 6,300 ಎಕರೆ. 20ನೆಯ ಶತಮಾನದ ಆರಂಭದಲ್ಲಿ ಇದಕ್ಕೆ ಇಮ್ಮಡಿಗಿಂತ ಹೆಚ್ಚಾಗಿದ್ದಿತು. ಕಾಫಿಯ ತೋಟವೂ ಮನೆಕಟ್ಟುಗಳೂ ಅಂಚಿನಿಂದ ಅಂಚಿಗೆ ತಿಂದ ಫಲವಿದು. ಅದಾಗ್ಯೂ, 2005ರಲ್ಲಿ ಪ್ರಕಟವಾದ ಶೋಧನೆಯೊಂದರಲ್ಲಿ, ಈ ಚಿಕ್ಕ ಕಾಡುಗಳಲ್ಲಿ ವಿನಾಶದ ಅಂಚಿನಲ್ಲಿರುವ ಮರಜಾತಿಗಳು ದೊಡ್ಡ ಮೀಸಲು ಕಾಡಿಗಿಂತಲೂ ಹೆಚ್ಚಾಗಿ ಕಂಡುಬಂದುವು. ದೇವರ ಭಯವೊಂದೇ ಎಲ್ಲವನ್ನೂ ಕಾಪಾಡೀತೆಂದು ನಂಬುವುದು ಸರಿಯಲ್ಲ. ಎಲ್ಲೆಕಲ್ಲೂ ನಕ್ಷೆಯೂ ಜೊತೆಗಿರಬೇಕು.

ಘಟ್ಟದ ಕೆಳಗೆ, ಕುಮಟಾ ಪಟ್ಟಣಕ್ಕೆ ಸಮೀಪದಲ್ಲಿ, ಹಳಕಾರ ಎಂಬ ಊರಿದೆ. ಈ ಜಿಲ್ಲೆಯು ಮುಂಬಯಿ ಆಧಿಪತ್ಯಕ್ಕೆ ಸೇರಿದ್ದ ಕಾಲದಲ್ಲಿ, 1920ರ ದಶಕದ ಆರಂಭದಲ್ಲಿ, ಕಾಲಿನ್ಸ್ ಎಂಬ ಅಧಿಕಾರಿಯು ಕರಾವಳಿಯ ಕಾಡುಗಳನ್ನು ಪರಿಶೀಲಿಸಿ, ಊರಿನವರ ನಿತ್ಯಬಳಕೆಯ ಕಾಡನ್ನು ಊರಿನವರ ಕೈಗೇ ಒಪ್ಪಿಸುವುದು ಮೇಲೆಂದು ಸೂಚಿಸಿದನು. ಅದರಂತೆ ಕೆಲವು ಕಡೆ ಗ್ರಾಮ ಅರಣ್ಯ ಪಂಚಾಯಿತಿಗಳು ಹುಟ್ಟಿದುವು. ಹಳಕಾರದವರು ತಮ್ಮೊಳಗೆ ಪಂಚರನ್ನು ಆರಿಸಿ, ಕಾವಲಿಟ್ಟು, ಸೌದೆಯನ್ನೂ ಸೊಪ್ಪನ್ನೂ ತೆಗೆಯುವ ಕಾಲವನ್ನೂ ಪ್ರಮಾಣವನ್ನೂ ಗೊತ್ತುಮಾಡಿ ನಡೆಸಿಕೊಂಡು ಬಂದರು. 1979ರಲ್ಲಿ ಸರ್ಕಾರವು ಈ ಪಂಚಾಯಿತಿಗಳನ್ನು ರದ್ದುಪಡಿಸಿತು. ಹಳಕಾರದವರು ಸುಮ್ಮನಿರಲಿಲ್ಲ; ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆಯನ್ನು ತಂದರು; ಪಂಚಾಯಿತಿಯೂ ಉಳಿಯಿತು, ಕಾಡೂ ಉಳಿಯಿತು. ಪೇಟೆಗೆ ಇಷ್ಟು ಹತ್ತಿರದಲ್ಲಿ, ಸೌದೆಗೆ ಗಿರಾಕಿಯು ಬಾಗಿಲಲ್ಲಿಯೇ ನಿಂತಿರುವ ಸ್ಥಳದಲ್ಲಿ, ಇಷ್ಟು ಕಾಲ ಒಂದು ಕಾಡು ನಿಂತಿರುವುದು ಅಲ್ಪ ಸಂಗತಿಯಲ್ಲ. ಕಾವಲುಗಾರನನ್ನು ಇಡುವವರೂ ಊರಿನವರೇ, ತಪ್ಪಿದವನಿಗೆ ದಂಡ ಹಾಕುವವರೂ ಅವರೇ, ಕಾಡಿನ ಉತ್ಪನ್ನವನ್ನು ಅನುಭವಿಸುವವರೂ ಅವರೇ ಆಗಿದ್ದುದು ಇದರ ಗುಟ್ಟು. ಈ ಮೂರರಲ್ಲಿ ಒಂದು ಮಾತ್ರ ಊರಿನ ಕೈಯಲ್ಲಿದ್ದು ಉಳಿದೆರಡು ಬೇರೆಡೆ ಇದ್ದಲ್ಲಿ ಸಮಿತಿಗಳು ಹೆಸರಿಗೆ ಮಾತ್ರ ಇರುತ್ತವೆ.

ಇನ್ನು ಗಜನಿಯ ವಿಷಯ. ಕೃಷಿಕರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಅಘನಾಶಿನಿಯು ಸಮುದ್ರವನ್ನು ಸೇರುವ ಮೊದಲು ಅಗಲವಾಗಿ ಹರಡುವ ಅಳಿವೆಯ ಬದಿಯಲ್ಲಿ ಮಾಣಿಕಟ್ಟೆ ಮುಂತಾದ ಊರುಗಳವರು ಮಣ್ಣಿನ ಕಟ್ಟೆಗಳನ್ನು ಹಾಕಿ, ಉಬ್ಬರದ ಉಪ್ಪುನೀರನ್ನು ತಡೆದು, ಗಜನಿಯಲ್ಲಿ ಭತ್ತ ಬೆಳೆಯುತ್ತಿದ್ದರು. ಅಲ್ಲಿಯ ಭತ್ತಕ್ಕೆ ಕಗ್ಗವೆಂದು ಹೆಸರು. ಮುಂಗಾರಿನ ಮೊದಲ ಮಳೆಗಳು ನೆಲದ ಉಪ್ಪನ್ನು ತೊಳೆದ ಮೇಲೆ ಮೊಳಕೆಯ ಬೀಜವನ್ನು ಎರಚುವುದು, ಗೊಬ್ಬರವಿಲ್ಲ, ಔಷಧವಿಲ್ಲ, ಹೊಳೆಯು ತಂದ ಮೆಕ್ಕಲೇ ಸಾರ. ನೆರೆ ಬಂದು ದಿನಗಟ್ಟಲೆ ಮುಳುಗಿದರೂ, ಉಪ್ಪು ಸ್ವಲ್ಪ ನುಗ್ಗಿದರೂ ಕಗ್ಗವು ತಾಳಿಕೊಳ್ಳುವುದು. ಕೊಯ್ಲಾದ ನಂತರ ತೂಬಿನ ಹಲಗೆಯನ್ನು ತೆಗೆದು ಉಬ್ಬರದ ನೀರನ್ನು ಒಳಗೆ ಬಿಟ್ಟರೆ, ಆ ನೀರಿನೊಡನೆ ಸೀಗಡಿಯೂ ಮೀನೂ ಬಂದು ಕೂಳೆಯ ನಡುವೆ ಬೆಳೆಯುವುವು, ನೀರುಹಕ್ಕಿಗಳೂ ಬರುವುವು, ಅವೆಲ್ಲದರ ಹಿಕ್ಕೆಯು ಮುಂದಿನ ಬೆಳೆಗೆ ಗೊಬ್ಬರ. ಕಟ್ಟೆಯ ದುರಸ್ತಿ, ತೂಬಿನ ಕಾವಲು, ಮೀನಿನ ಹರಾಜು ಇವೆಲ್ಲವನ್ನೂ ಗಜನಿಯ ಪಾಲುದಾರರು ಕೂಡಿ ನಡೆಸುತ್ತಿದ್ದರು. ವರ್ಷಕ್ಕೊಮ್ಮೆ ಎಲ್ಲರೂ ಮಣ್ಣು ಹೊರದಿದ್ದರೆ ಕಟ್ಟೆಯು ನಿಲ್ಲದು. ಆದುದರಿಂದಲೇ ಕೂಟವು ನಿಲ್ಲುತ್ತಿತ್ತು.

1970ರ ದಶಕದಲ್ಲಿ ಸರ್ಕಾರವು ಹೊಳೆಯುದ್ದಕ್ಕೂ ಶಾಶ್ವತವಾದ ಕಟ್ಟೆಗಳನ್ನು ಕಟ್ಟಿಸಿಕೊಟ್ಟಿತು. ಉದ್ದೇಶವು ಒಳ್ಳೆಯದೇ. ಆದರೆ ವರ್ಷವರ್ಷದ ಕೂಡುಕೆಲಸವು ನಿಂತ ಮೇಲೆ ಕೂಟದ ಬಿಗಿಯೂ ಸಡಿಲವಾಯಿತು. ಮುಂದಿನ ಎರಡು ದಶಕಗಳಲ್ಲಿ ಸೀಗಡಿಗೆ ಹೊರದೇಶದ ಬೆಲೆ ಬಂದು, ಗಜನಿಗಳು ವರ್ಷವಿಡೀ ಉಪ್ಪುನೀರಿನಲ್ಲಿಯೇ ಇರುವಂತಾದುವು. ತೂಬಿನ ಹಲಗೆಯು ಗುತ್ತಿಗೆದಾರನ ಕೈಗೆ ಹೋಯಿತು. ಕೃಷಿಕನು ಮಳೆಗಾಲದಲ್ಲಿ ನೀರು ತಗ್ಗಿಸಬೇಕೆಂದರೂ ಕೇಳುವವರಿಲ್ಲ. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗವು ಬಂದು ಸೀಗಡಿಯೂ ಕೈಬಿಟ್ಟಾಗ, ಹಿಂದಿರುಗಿ ಬಿತ್ತೋಣವೆಂದರೆ ಹಲವರ ಪಣತದಲ್ಲಿ ಕಗ್ಗದ ಬೀಜವೇ ಇರಲಿಲ್ಲ. ಮಾಣಿಕಟ್ಟೆಯ ಕಡೆ ಕೆಲವರು ಬಿಡದೆ ಬೆಳೆದುಕೊಂಡು ಬಂದುದರಿಂದ ತಳಿಯು ಇಂದು ಉಳಿದಿದೆ. ಸಮುದ್ರದ ಮಟ್ಟವು ಏರುತ್ತಿರುವ ಈ ಕಾಲದಲ್ಲಿ ಉಪ್ಪನ್ನೂ ಮುಳುಗಡೆಯನ್ನೂ ತಾಳುವ ಭತ್ತವನ್ನು ಶೋಧನಾಲಯಗಳು ಹುಡುಕುತ್ತಿರುವಾಗ, ಕೈಯಲ್ಲಿದ್ದುದನ್ನು ಚೆಲ್ಲಿಕೊಳ್ಳುವುದು ಎಂಥ ವಿವೇಕ? 2024ರಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶವು ಜಗತ್ತಿನ ಮುಖ್ಯ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಯಲ್ಲಿ ಸೇರಿತು. ಪಟ್ಟಿಗೆ ಸೇರಿದ್ದು ಸಂತೋಷವೇ. ಆದರೆ ತೂಬನ್ನು ಯಾವ ತಿಂಗಳಲ್ಲಿ ಮುಚ್ಚಬೇಕೆಂಬುದನ್ನು ಆ ಪಟ್ಟಿಯು ಹೇಳುವುದಿಲ್ಲ, ಪಾಲುದಾರರ ಸಭೆಯೇ ಹೇಳಬೇಕು.

ಮೇಲ್ಕಂಡ ಅನುಭವಗಳಿಂದ ಗ್ರಾಮದ ಮುಖ್ಯಸ್ಥರು ಕೈಕೊಳ್ಳಬಹುದಾದ ಕೆಲಸವು ಸ್ಪಷ್ಟವಾಗುತ್ತದೆ. ಮೊದಲನೆಯದಾಗಿ, ಪಂಚಾಯಿತಿಯ ಕಪಾಟಿನಲ್ಲಿರುವ ದಾಖಲಾತಿಯನ್ನು ತರಿಸಿ ಓದಬೇಕು. ಅದರಲ್ಲಿ ಊರಿನ ಹಳ್ಳದ ಹೆಸರೂ ಇಲ್ಲದಿದ್ದರೆ ಅದು ನಕಲೆಂದು ತಿಳಿದು ಹೊಸದಾಗಿ ಬರೆಯಿಸಲು ನಿರ್ಣಯ ಮಾಡತಕ್ಕದ್ದು. ಬರೆಯಿಸುವಾಗ ಓದಿದವರನ್ನು ಮಾತ್ರ ಕೇಳಿದರೆ ಸಾಲದು. ಜೇನು ಕೀಳುವವರು, ಉಪ್ಪಾಗೆ ಕೊಯ್ಯುವವರು, ಬಳಚು ಆರಿಸುವ ಹೆಂಗಸರು, ದನ ಕಾಯುವವರು, ನಾಟಿವೈದ್ಯರು, ಬೀಜವನ್ನು ಬೂದಿಯಲ್ಲಿ ಬೆರೆಸಿ ಕಟ್ಟಿಡುವ ಅಜ್ಜಿಯರು, ಇವರೇ ಬಲ್ಲವರು. ಇವರಲ್ಲಿ ಬಹುಮಂದಿಗೆ ಜಮೀನಿಲ್ಲ. ಜಮೀನುಳ್ಳವರ ಕಟ್ಟಳೆಯೊಂದನ್ನು ಮಾಡಿ, ಕಾಡಿನಿಂದಲೇ ಜೀವಿಸುವ ಮನೆಗಳನ್ನು ಅದರಿಂದ ಹೊರಗಿಟ್ಟರೆ ಅದು ಒಂದು ಮಳೆಗಾಲವೂ ನಡೆಯದು. ಹಗಲು ತಡೆದವರು ರಾತ್ರಿ ಕಾಯಲಾರರು. ಬೆಟ್ಟವುಳ್ಳ ಹಿಡುವಳಿದಾರರು ಈ ಮಾತನ್ನು ಅಪ್ರಿಯವೆಂದು ತಳ್ಳಿಹಾಕದೆ ಆಲೋಚಿಸಬೇಕು.

ವೈದ್ಯರು ತಮ್ಮ ಔಷಧದ ಗುಟ್ಟನ್ನು ಬರೆಯಿಸಲೊಲ್ಲದಿದ್ದರೆ ಬಲಾತ್ಕರಿಸಬಾರದು. ಗಿಡವಿದೆಯೆಂದು ಬರೆದು ಉಪಯೋಗವನ್ನು ಬಿಡಬಹುದು. ಅಪರೂಪದ ಗಿಡವಿರುವ ಸ್ಥಳವನ್ನೂ ಎಲ್ಲರಿಗೆ ತೋರಿಸುವ ಪ್ರತಿಯಲ್ಲಿ ಬರೆಯದೆ ಬೇರೆ ಹಾಳೆಯಲ್ಲಿಡುವುದು ಮೇಲು. ಜೀವಸಂಪತ್ತನ್ನು ವ್ಯಾಪಾರಕ್ಕೆ ಬಳಸುವ ದೇಶದೊಳಗಿನ ಔಷಧ ಕಂಪನಿಗಳೂ ಲಾಭದಲ್ಲಿ ಪಾಲು ಕೊಡಬೇಕೆಂದು 2018ರಲ್ಲಿ ಉತ್ತರಾಖಂಡದ ಉಚ್ಚ ನ್ಯಾಯಾಲಯವು ತೀರ್ಪು ಕೊಟ್ಟಿತು. 2023ರ ತಿದ್ದುಪಡಿಯು ತೋಟದಲ್ಲಿ ಬೆಳೆಸಿದ ಔಷಧಿ ಗಿಡಗಳಿಗೆ ಕೆಲವು ವಿನಾಯಿತಿಗಳನ್ನು ಕೊಟ್ಟಿದೆ. ಅದಕ್ಕೆ ಬೇಕಾದ ಮೂಲದ ಪ್ರಮಾಣಪತ್ರವು ಸಮಿತಿಯ ಮೂಲಕವೇ ಬರಬೇಕಾದುದರಿಂದ, ಕಾಡಿನಿಂದ ಕಿತ್ತುದನ್ನು ತೋಟದ್ದೆಂದು ಹೇಳುವವರಿಗೆ ರುಜು ಹಾಕುವ ಮುನ್ನ ಸಮಿತಿಯವರು ತೋಟಕ್ಕೆ ಹೋಗಿ ನೋಡಬೇಕು. ಶುಲ್ಕವಾಗಿಯೋ ಪಾಲಾಗಿಯೋ ಬಂದ ಹಣವು ಸ್ಥಳೀಯ ಜೀವವೈವಿಧ್ಯ ನಿಧಿಗೆ ಸೇರುವುದು. ಆ ಹಣದ ಮೊದಲ ಖರ್ಚು ಕಾವಲುಗಾರನ ಸಂಬಳವಾಗಿರಲಿ. ಫಲಕ, ಕಮಾನುಗಳಿಗೆ ಅವಸರವಿಲ್ಲ.

ವಿಶೇಷವಾದ ಸ್ಥಳವಿದ್ದರೆ ಅದನ್ನು ಕಾಯಿದೆಯ 37ನೆಯ ಪ್ರಕರಣದಂತೆ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಸಾರಲು ರಾಜ್ಯದ ಮಂಡಳಿಯನ್ನು ಕೇಳಿಕೊಳ್ಳಬಹುದು. ದೇಶದಲ್ಲಿ ಮೊದಲು ಹೀಗೆ ಸಾರಲ್ಪಟ್ಟುದು ದೇವನಹಳ್ಳಿಯ ಸಮೀಪದ ನಲ್ಲೂರಿನ ಸುಮಾರು 54 ಎಕರೆಯ ಹುಣಿಸೆ ತೋಪು, 2007ರಲ್ಲಿ.

ಗಜನಿಯ ಊರುಗಳಲ್ಲಿ ಕಗ್ಗದ ಬೀಜವನ್ನು ಒಂದೇ ಮನೆಯಲ್ಲಿಡದೆ ಮೂರು ನಾಲ್ಕು ಮನೆಗಳಲ್ಲಿ ಇಡಿಸಿ, ಯಾರ ಮನೆಯಲ್ಲಿ ಎಷ್ಟಿದೆಯೆಂದು ಪ್ರತಿವರ್ಷ ಕೊಯ್ಲಿನ ತರುವಾಯ ದಾಖಲಾತಿಯಲ್ಲಿ ಬರೆಯಬೇಕು. ಘಟ್ಟದ ಮೇಲಿನ ಊರುಗಳಲ್ಲಿ ಅಪ್ಪೆಯ ಮರಗಳನ್ನು ಮಿಡಿ ಬಿಡುವ ಕಾಲದಲ್ಲಿಯೂ, ಉಪ್ಪಾಗೆಯ ಹೆಣ್ಣು ಮರಗಳನ್ನು ಮಳೆಗಾಲದಲ್ಲಿ ಹಣ್ಣು ಕಾಣುವಾಗಲೂ ಎಣಿಸುವುದು ಅನುಕೂಲ. ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ, ಓದಲು ಬಾರದವರೂ ಕೇಳುವಂತೆ, ಪುಸ್ತಕವನ್ನು ಗಟ್ಟಿಯಾಗಿ ಓದಿಸಿ, ತಪ್ಪೆಂದು ಯಾರಾದರೂ ಹೇಳಿದುದನ್ನು ಸ್ಥಳದಲ್ಲಿ ನೋಡಿ ಬಂದು ತಾರೀಖಿನೊಡನೆ ಷರಾ ಬರೆಯತಕ್ಕದ್ದು. ಹಳೆಯ ಸಾಲನ್ನು ಅಳಿಸಬಾರದು.